ಗೋಣಿಕೊಪ್ಪೆ ಹೊದ್ದು ಗೋಣಿಕೊಪ್ಪಕ್ಕೆ ಹೊರಟ ಕೋಳಿ

ನೀವು ಕೇಳಿರುವುದು ಇಷ್ಟು: ಬಣ್ಣ, ಕಾಗದದ ಚೂರು, ಬಟ್ಟೆ ಎಲ್ಲ ಸೇರಿಸಿ ಮಾಡುವ ಮಿಶ್ರ ಮಾಧ್ಯಮದ ಚಿತ್ರಗಳಲ್ಲಿ ಕೆಲವರದು ಆಡಿಕೊಂಡು ಮಾಡಿದ ಹಾಗೆ ಲವಲವಿಕೆಯಿಂದ ಕಾಣುತ್ತದೆ, ನಿಮ್ಮದು ಮಾತ್ರ ಎಷ್ಟು ಅಂಟಿಸಿದರೂ ಗುಡಿಸಿ ಹಾಕಿದ ಕಸದ ಹಾಗೆ ಕಾಣುತ್ತದೆ; ಮೊದಲೇ ಸ್ಕೆಚ್ ಹಾಕಿಕೊಳ್ಳಬೇಕಾ, ಎಲ್ಲಿಂದ ಶುರು ಮಾಡಬೇಕು?

ನಾನು ವಿರಾಜಪೇಟೆ ಕಡೆಯವಳು. ಹೊಲಿಗೆ ಅಂಗಡಿ ಇದೆ. ಹಗಲು ಬ್ಲೌಸು, ಸೀರೆಗೆ ಫಾಲ್ಸು, ಮಕ್ಕಳ ಯೂನಿಫಾರ್ಮು. ರಾತ್ರಿ ಊಟ ಆದ ಮೇಲೆ ಅದೇ ಕಟಿಂಗ್ ಟೇಬಲ್ ಮೇಲೆ ಚಿತ್ರ. ಅಳತೆ ತೆಗೆದುಕೊಳ್ಳದೆ ಯಾರ ಬಟ್ಟೆಗೂ ಕತ್ತರಿ ಇಡುವವಳಲ್ಲ ನಾನು. ಚಿತ್ರಕ್ಕೆ ಮಾತ್ರ ಒಂದು ಗೆರೆಯನ್ನೂ ಮೊದಲೇ ಹಾಕಿಕೊಳ್ಳುವುದಿಲ್ಲ. ಆದರೆ ನೆಲ ಗಟ್ಟಿ ಮಾಡಿಕೊಳ್ಳದೆ ಶುರು ಮಾಡುವುದೂ ಇಲ್ಲ. ಕಾಫಿ ಕುಯ್ಲಿಗೆ ಮೊದಲು ತೋಟದವರು ಕಣ ಸರಿ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಕಣ ನುಣ್ಣಗಿದ್ದರೆ ಕಾಫಿಯೂ ಚೆನ್ನಾಗಿ ಒಣಗುತ್ತದೆ, ಸಂಜೆ ಮಕ್ಕಳೂ ಅದರ ಮೇಲೆ ಬಿದ್ದೆದ್ದು ಆಡುತ್ತಾರೆ. ನೋಡುವವರಿಗೆ ಆಟ ಅಂತ ಕಾಣುವುದರ ಅಡಿಯಲ್ಲಿ ಯಾರೂ ನೋಡದ ಈ ಕೆಲಸ ಇರುತ್ತದೆ. ಅದಕ್ಕೇ ಮೊದಲು ಅದನ್ನು ಹೇಳುತ್ತೇನೆ.

ಕಾಗದ 300 ಜಿಎಸ್‌ಎಂ ಇರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ತೆಳ್ಳಗಿನ ಡ್ರಾಯಿಂಗ್ ಶೀಟಿಗೆ ಒದ್ದೆ ಬಣ್ಣ, ಅಂಟು, ಬಟ್ಟೆ ಮೂರೂ ಬಿದ್ದರೆ ಹಪ್ಪಳದ ಹಾಗೆ ಸುರುಳಿಕೊಳ್ಳುತ್ತದೆ. ಎರಡೂ ಬದಿಗೆ ಜೆಸ್ಸೋ ಬಳಿಯಿರಿ, ಬಣ್ಣ ಹಿಡಿದು ನಿಲ್ಲಲಿ ಅಂತ ಮೊದಲು ಹಚ್ಚುವ ಬಿಳಿ ಲೇಪ ಅದು. ಒಂದೇ ಬದಿಗೆ ಬಳಿದರೆ ಆ ಕಡೆಗೇ ಬಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದ ಯಾವ ಲೆಕ್ಕ? ಶುರುವಿನ ವರ್ಷಗಳಲ್ಲಿ ನಾನು ಮೈದಾ ಅಂಟು ಕಾಯಿಸಿ ಬಳಸುತ್ತಿದ್ದೆ. ಒಂದು ಮಳೆಗಾಲ ಕಳೆದು ತೆಗೆದು ನೋಡಿದರೆ ಏಳು ಚಿತ್ರಗಳಲ್ಲಿ ನಾಲ್ಕರ ಮೇಲೆ ಬೂದು ಬಣ್ಣದ ಬೂಷ್ಟು, ಉಳಿದ ಮೂರರ ಅಂಚನ್ನು ಬೆಳ್ಳಿಮೀನು ಹುಳ ತಿಂದಿತ್ತು. ಆವತ್ತು ತುಂಬಾ ಅತ್ತಿದ್ದೆ. ಹಳೇ ಬೈಂಡಿಂಗ್‌ನವರು ಮೈದಾ ಅಂಟಿಗೆ ಮೈಲುತುತ್ತು ಸೇರಿಸುತ್ತಿದ್ದುದು ಇದೇ ಕಾರಣಕ್ಕೆ. ತೋಟದಲ್ಲಿ ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಮೆಣಸಿನ ಬಳ್ಳಿಗೆ ಹೊಡೆಯುವುದೂ ಅದನ್ನೇ. ಅದು ವಿಷ. ಮಕ್ಕಳು ಓಡಾಡುವ ಮನೆಯಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಈಗ ಅಂಟಿಗೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಬಣ್ಣ ಸೇರಿಸದ, ಹೊಳಪಿಲ್ಲದ ಅಕ್ರಿಲಿಕ್ ದ್ರವ. ಚೂರಿನ ಅಡಿಗೊಂದು ಕೋಟು, ಮೇಲೊಂದು ಕೋಟು, ಬೆರಳಿನಲ್ಲಿ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಹೊರಗೆ. ಒಣಗಿದ ಮೇಲೆ ಅದು ಪ್ಲಾಸ್ಟಿಕ್ ಪೊರೆಯ ಹಾಗಾಗುತ್ತದೆ, ತೇವಕ್ಕೆ ಮತ್ತೆ ಮೆತ್ತಗಾಗುವುದಿಲ್ಲ. ಮಳೆಗಾಲದಲ್ಲಿ ಒಂದು ಕೋಟು ಒಣಗಲು ಒಂದು ಇಡೀ ದಿನ ಕೊಡಿ. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಹಸಿ ಇರುತ್ತದೆ. ನಾನು ಒಲೆ ಮೇಲಿನ ಅಟ್ಟದ ಹತ್ತಿರ ಒರಗಿಸಿ ಇಡುತ್ತೇನೆ.

ಇಷ್ಟಾದ ಮೇಲೆ ಆಟ.

ನಾನು ವಿಷಯದಿಂದ ಶುರು ಮಾಡುವುದಿಲ್ಲ, ಚೂರಿನಿಂದ ಶುರು ಮಾಡುತ್ತೇನೆ. ಅದಕ್ಕಂತಲೇ ಒಂದು ಬಿಸ್ಕತ್ ಡಬ್ಬ ಇದೆ. ಮದುವೆ ಕಾಗದ, ಬಸ್ ಟಿಕೆಟ್, ಗುಂಡಿ, ಬಕ್ರಂ ಚೂರು, ಹಳೇ ಪ್ಯಾಟರ್ನ್ ಕಾಗದ, ಎಲ್ಲ ಅದರಲ್ಲಿ. ನಾನು ಹಾಕಿಕೊಂಡಿರುವ ಷರತ್ತು ಒಂದೇ. ಅಂಟಿಸುವ ಚೂರು ಎರಡು ಕೆಲಸ ಮಾಡಬೇಕು: ತಾನು ಏನು ಅನ್ನುವುದನ್ನು ಬಿಡಬಾರದು, ಜೊತೆಗೆ ಇನ್ನೊಂದೇನೋ ಆಗಬೇಕು. ಒಂದೇ ಕೆಲಸ ಮಾಡುವ ಚೂರೇ ಕಸ. ನಿಮ್ಮ ಚಿತ್ರ ಗುಡಿಸಿ ಹಾಕಿದ ಹಾಗೆ ಕಾಣುವುದಕ್ಕೆ ದೊಡ್ಡ ಕಾರಣ ಇದೇ ಇರಬೇಕು ಅಂತ ನನಗನಿಸುತ್ತದೆ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆಯ ಅಚ್ಚಿದ್ದ ಮೇಣಬಟ್ಟೆಯ ತುಂಡೊಂದನ್ನು ತನ್ನ ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತ ಹಗ್ಗ ಸುತ್ತಿದ. ಅದು ಬರೀ ಅಂಗಡಿಯ ಬಟ್ಟೆ, ಆದರೂ ಅದು ಕುರ್ಚಿ. ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ, ಮನಸ್ಸು ಆ ಕಡೆ ಈ ಕಡೆ ಓಲಾಡುತ್ತದೆ. ಆ ಓಲಾಟವೇ ಆಟ. ಮುದ್ದು ಬೆಕ್ಕು, ಬಲೂನು ಬರೆದ ಮಾತ್ರಕ್ಕೆ ಚಿತ್ರಕ್ಕೆ ಆಟ ಬರುವುದಿಲ್ಲ.

ಒಂದು ಚಿತ್ರ ಹೇಗಾಯಿತು ಅಂತ ಹೇಳಿದರೆ ನಿಮಗೆ ಹೆಚ್ಚು ಉಪಯೋಗ ಆದೀತು.

ಹೋದ ಜುಲೈನಲ್ಲಿ ಹತ್ತಿರದ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಪ್ಯಾಂಟು ಆಲ್ಟರ್ ಮಾಡಿಸಲು ಬಂದಾಗ ಹಳೇ ಕಾಫಿ ಗೋಣಿಚೀಲ ತಂದುಕೊಟ್ಟರು. "ಅಕ್ಕಾ, ಇದು ಇಲಿ ಕಡ್ದಿದ್ದು. ಒಳ್ಳೇದು ಬೇಕಾದ್ರೆ ನಾಳೆ ತರ್ತೀನಿ" ಅಂದರು. ನನಗೆ ಇಲಿ ಕಡಿದದ್ದೇ ಬೇಕಿತ್ತು. ಕತ್ತರಿಯ ಅಂಚಿಗೂ ಹಲ್ಲಿನ ಅಂಚಿಗೂ ಬಹಳ ವ್ಯತ್ಯಾಸ. ಬಿಸಿನೀರಲ್ಲಿ ನೆನೆಸಿ, ಒಣಗಿಸಿ, ಒಂದು ಮೂಲೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿಕೊಂಡೆ. ಹೊಲಿಗೆ ಸಮೇತ ಮೂಲೆ. ಎ3 ಕಾಗದದ ಮೇಲೆ ಇಟ್ಟು ನಾಲ್ಕೂ ದಿಕ್ಕಿಗೆ ತಿರುಗಿಸಿದೆ. ಒಂದು ಕಡೆಯಿಂದ ಗುಡ್ಡ. ಇನ್ನೊಂದು ಕಡೆಯಿಂದ ಹಡಗು. ತಲೆಕೆಳಗು ಮಾಡಿದಾಗ, ಮೂಲೆ ಮೇಲೆ ಬಂದು ಚೂಪಾದಾಗ, ಕೊಪ್ಪೆ! ಮಳೆಯಲ್ಲಿ ತೋಟದ ಕೆಲಸಕ್ಕೆ ಹೋಗುವವರು ಗೋಣಿಯ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆ ಮೇಲೆ ಹೊದ್ದುಕೊಳ್ಳುತ್ತಿದ್ದರಲ್ಲ, ಅದೇ ಗೋಣಿಕೊಪ್ಪೆ. ಈಗ ಎಲ್ಲ ಪ್ಲಾಸ್ಟಿಕ್. ಹೆಸರು ನಾಲಿಗೆಗೆ ಬಂದ ಕೂಡಲೇ ಇನ್ನೊಂದು ತಾನಾಗಿ ಬಂತು: ಗೋಣಿಕೊಪ್ಪೆ ಹೊದ್ದವರು ಹೋಗುವುದು ಎಲ್ಲಿಗೆ? ನಮ್ಮ ಹತ್ತಿರದ ಊರು ಗೋಣಿಕೊಪ್ಪಕ್ಕೆ. ಹಾಗಾದರೆ ಬಸ್ಸು ಬೇಕು. ಡಬ್ಬದಲ್ಲಿ ಟಿಕೆಟ್ ಇದೆ.

ಇಲ್ಲಿ ಒಂದು ವಿಷಯ. ಕಂಡಕ್ಟರ್ ಮೆಷಿನ್‌ನಿಂದ ಬರುವ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದ, ಅದರಲ್ಲಿ ಶಾಯಿಯೇ ಇಲ್ಲ. ಬೆಳಕಿಗೆ ಇಟ್ಟರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿ ಆಗುತ್ತದೆ. ಅದನ್ನೇ ನೇರ ಅಂಟಿಸಬೇಡಿ. ಜೆರಾಕ್ಸ್ ಮಾಡಿಸಿ ಅಂಟಿಸಿ. ಜೆರಾಕ್ಸಿನ ಕಪ್ಪು ನೀರಿಗೆ ಹರಡುವುದಿಲ್ಲ, ಮಾಸುವುದೂ ಇಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟಾದರೆ ಒದ್ದೆ ಬ್ರಶ್ ತಾಗಿದೊಡನೆ ಹರಡೀತು. ಆದರೆ ಆ ಟಿಕೆಟ್ ಕಾಗದವನ್ನೇ ಬಳಸುವ ಒಂದು ಸೊಗಸಾದ ದಾರಿಯೂ ಇದೆ. ಬಿಸಿ ಚಮಚದ ತುದಿಯಿಂದ ಅದರ ಮೇಲೆ ಗೆರೆ ಎಳೆಯಿರಿ. ಬಣ್ಣವಿಲ್ಲ, ಪೆನ್ನಿಲ್ಲ, ಕಪ್ಪು ಗೆರೆ ಮೂಡುತ್ತದೆ. ನಾನು ಹಾಗೆ ಮಳೆ ಗೆರೆ ಎಳೆದು, ಜೆರಾಕ್ಸ್ ಮಾಡಿಸಿ, ಅದನ್ನೇ ಬಸ್ಸಿನ ಕಿಟಕಿಗಳಾಗಿ ಕತ್ತರಿಸಿದೆ. ಊರಿನ ಹೆಸರಿದ್ದ ಚೂರನ್ನು ಹರಿಯುವಾಗ "ಗೋಣಿ" ಒಂದು ಕಡೆ, "ಕೊಪ್ಪ" ಒಂದು ಕಡೆ ಆಯಿತು. ಬೋರ್ಡಿನ ಜಾಗಕ್ಕೆ "ಕೊಪ್ಪ" ಮಾತ್ರ ಅಂಟಿಸಿದೆ. "ಗೋಣಿ" ಹೇಗೂ ಪಕ್ಕದಲ್ಲೇ ಇದೆಯಲ್ಲ, ನಿಜವಾದ ಗೋಣಿ! ಹರಿದ ಪದದಿಂದ ಆಟ ಹುಟ್ಟುವುದು ಹೊಸದೇನಲ್ಲ. ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ ಬ್ಯಾಂಕಿನ ಜಾಹೀರಾತಿನ "ಕೊಮೆರ್ಜ್" ಪದ ಹರಿದು ಉಳಿದ "ಮೆರ್ಜ್" ಅನ್ನುವ ಚೂರನ್ನೇ ತನ್ನ ಇಡೀ ಕಲೆಗೆ ಹೆಸರಾಗಿ ಇಟ್ಟುಕೊಂಡವನು. ಟ್ರಾಮ್ ಟಿಕೆಟ್ಟುಗಳನ್ನೂ ಅಂಟಿಸುತ್ತಿದ್ದ.

ಕೊಪ್ಪೆಯನ್ನು ಅಂಟಿಸಲಿಲ್ಲ, ಹೊಲಿದೆ. ಕಾಗದದ ಮೇಲೆ ಮೆಷಿನ್ ಓಡಿಸುವ ಆಸೆ ನಿಮಗೂ ಇದ್ದರೆ, ಹೊಲಿಗೆ ಉದ್ದ 4ಕ್ಕೆ ಇಟ್ಟುಕೊಳ್ಳಿ. ಸಣ್ಣ ಹೊಲಿಗೆ ಹಾಕಿದರೆ ತೂತುಗಳು ಒತ್ತೊತ್ತಾಗಿ ಬಿದ್ದು ಕಾಗದ ಆ ಗೆರೆಯಲ್ಲೇ ಹರಿದು ಬರುತ್ತದೆ. ಗೋಣಿಗೆ 16ನೇ ನಂಬರ್ ಸೂಜಿ ಸಾಕು. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಹಾಗಾಗಿ ಗಿರಾಕಿಯ ರೇಷ್ಮೆಗೆ ಬಳಸುವ ಸೂಜಿಯನ್ನು ಇದಕ್ಕೆ ಹಾಕಬೇಡಿ. ತಿರುವಿನಲ್ಲಿ ಸೂಜಿಯನ್ನು ಕೆಳಗೇ ಬಿಟ್ಟು, ಪಾದ ಎತ್ತಿ, ಕಾಗದ ತಿರುಗಿಸಿ. ಕೊನೆಯಲ್ಲಿ ರಿವರ್ಸ್ ಹೊಡೆಯದೆ ದಾರವನ್ನು ಹಿಂದೆ ಎಳೆದು ಕೈಯಲ್ಲಿ ಗಂಟು ಹಾಕಿ. ನಾನು ಕೊಪ್ಪೆಯ ಕೆಳ ಅಂಚನ್ನು ಹೊಲಿಯದೆ ಬಿಟ್ಟೆ. ಒಳಗೆ ಬೆರಳು ತೂರಿಸುವಷ್ಟು ಜಾಗ, ಆ ಜಾಗದಲ್ಲಿ ಕತ್ತಲೆ.

ಆ ಕತ್ತಲೆಗೆ ಮುಖ ಏನು ಅನ್ನುವುದಕ್ಕೆ ನಾಲ್ಕು ರಾತ್ರಿ ಹೋಯಿತು. ಹೆಂಗಸಿನ ಮುಖ ಬರೆದೆ. ಚೆನ್ನಾಗಿಯೇ ಇತ್ತು, ಆದರೆ ಅದು ಬರೀ ಚಿತ್ರವಾಗಿತ್ತು, ಗೋಣಿಯ ಮಟ್ಟಕ್ಕೆ ನಿಲ್ಲಲಿಲ್ಲ. ಜೆಸ್ಸೋ ಬಳಿದು ಮುಚ್ಚಿದೆ. ಆಮೇಲೆ ಡಬ್ಬದಿಂದ ಕಿತ್ತಳೆ ಬಣ್ಣದ ಮದುವೆ ಕಾಗದ ತೆಗೆದು ತ್ರಿಕೋನ ಕತ್ತರಿಸಿ ಕೊಪ್ಪೆಯ ಅಡಿಗೆ ತಳ್ಳಿದೆ. ಕೊಕ್ಕು! ಒದ್ದೆಯಾಗಿ ನಿಂತ ಕೋಳಿ. ಸರಿಯಾಗಿ ನೋಡಿದರೆ ಕೊಕ್ಕಿನ ಮೇಲೆ ಚಿನ್ನದ ಅಕ್ಷರದಲ್ಲಿ "ಚಿ.ಸೌ." ಅಂತ ಇದೆ. ನಾನು ಬೇಕಂತ ಕತ್ತರಿಸಿದ್ದಲ್ಲ. ಕೋಳಿ ಮದುಮಗಳಾಯಿತು, ಬಸ್ಸು ಮದುವೆ ಬಸ್ಸಾಯಿತು, ಇಡೀ ಚಿತ್ರದ ಅರ್ಥ ಒಂದು ಅಂಗುಲದ ಕಾಗದದಲ್ಲಿ ತಿರುಗಿಬಿಟ್ಟಿತು. ಇಂಥ ಗಳಿಗೆಗಾಗಿಯೇ ನಾನು ಸ್ಕೆಚ್ ಹಾಕುವುದಿಲ್ಲ. ಮೊದಲೇ ಬರೆದಿಟ್ಟುಕೊಂಡಿದ್ದರೆ ಆ ಕೋಳಿ ನನಗೆ ಸಿಗುತ್ತಲೇ ಇರಲಿಲ್ಲ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಹಿನ್ನೆಲೆಗೆ ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್ ಬಳಿಯುವುದು ನನಗೆ ಇಷ್ಟ, ಆದರೆ ಅದು ಬಿಸಿಲಿಗೆ ಮಾಸುತ್ತದೆ. ಉಳಿಯಬೇಕಾದ ಕಂದಿಗೆ ನಮ್ಮ ಅಂಗಳದ ಕೆಮ್ಮಣ್ಣು. ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ನುಣ್ಣನೆ ಮಣ್ಣನ್ನು ಒಣಗಿಸಿ ಮೀಡಿಯಂ ಜೊತೆ ಅರೆದರೆ ಆಯಿತು. ಅದರ ಕೆಂಪು ಕಬ್ಬಿಣದ್ದು, ಮಾಸುವುದಿಲ್ಲ. ಆಯಿಲ್ ಪೇಸ್ಟಲ್ ಹಚ್ಚಿದ ಕಡೆ ನೀರಿನ ಬಣ್ಣ ನಿಲ್ಲದೆ ಜಾರುತ್ತದೆ. ಮಳೆ ಹನಿಗೆ ನಾನು ಅದನ್ನೇ ಉಪಯೋಗಿಸಿಕೊಂಡೆ: ಮೊದಲು ಬಿಳಿ ಪೇಸ್ಟಲ್, ಮೇಲೆ ತೆಳು ನೀಲಿ. ಆದರೆ ಪೇಸ್ಟಲ್ ಮೇಲೆ ಅಕ್ರಿಲಿಕ್ ದಪ್ಪಗೆ ಹಾಕಿದರೆ ಮುಂದೆ ಸಿಪ್ಪೆ ಏಳುತ್ತದೆ.

ಇನ್ನು ನಿಮ್ಮ ಕಸದ ರಾಶಿ. ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲ ಒಂದೇ ಬೂದು ಆಗಿ ಕಂಡರೆ, ಎಲ್ಲ ಚೂರೂ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ, ಎಷ್ಟು ಒಳ್ಳೆ ಚೂರು ತಂದು ಅಂಟಿಸಿದರೂ ಪ್ರಯೋಜನ ಇಲ್ಲ. ಒಂದು ದೊಡ್ಡದು ಇರಲಿ, ಒಂದೆರಡು ತೀರಾ ಚಿಕ್ಕದು, ಉಳಿದದ್ದು ಖಾಲಿ. ನನ್ನ ಕೋಳಿ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಮಳೆ. ಒಂದು ಛತ್ರಿಯನ್ನೂ ಅಂಟಿಸಿದ್ದೆ, ಹಳೇ ಛತ್ರಿಯ ನಿಜವಾದ ಕಪ್ಪು ಬಟ್ಟೆಯಲ್ಲಿ. ನನಗೆ ಬಹಳ ಇಷ್ಟವಾಗಿತ್ತು. ಆದರೆ ಛತ್ರಿ ಬಟ್ಟೆಯಿಂದ ಮಾಡಿದ ಛತ್ರಿ ಒಂದೇ ಕೆಲಸ ಮಾಡುತ್ತದೆ. ಮೀಡಿಯಂ ಹಸಿ ಇರುವಾಗಲೇ ಎಬ್ಬಿಸಿ ತೆಗೆದೆ.

ನೋಡಿ ಕಲಿಯಲು ಒಬ್ಬರ ಹೆಸರು ಹೇಳಬೇಕೆಂದರೆ ಕೆ.ಜಿ. ಸುಬ್ರಮಣ್ಯನ್. 1924ರಲ್ಲಿ ಹುಟ್ಟಿದ್ದು ಕೇರಳದ ಕೂತುಪರಂಬದಲ್ಲಿ. ನಮ್ಮ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಸಿಗುವ ಊರು. ಬರೋಡ, ಶಾಂತಿನಿಕೇತನದಲ್ಲಿ ಪಾಠ ಮಾಡಿದವರು. ದೊಡ್ಡ ದೊಡ್ಡ ಭಿತ್ತಿಚಿತ್ರ ಮಾಡಿದ ಅದೇ ಕೈ ಬರೋಡದ ಕಲಾಶಾಲೆಯ ಮೇಳಕ್ಕೆ ಆಟಿಕೆಗಳನ್ನೂ ಮಾಡಿತ್ತು. ಆ ಆಟಿಕೆಗಳ ಫೋಟೋ ಹುಡುಕಿ ನೋಡಿ. ಮರದ ತುಂಡು ಮರದ ತುಂಡಾಗಿಯೇ ಉಳಿದು ಪ್ರಾಣಿಯಾಗಿರುತ್ತದೆ.

ಕೋಳಿ ಚಿತ್ರ ಈಗ ಅಂಗಡಿಯಲ್ಲಿ ಮೆಷಿನ್ ಮೇಲಿನ ಗೋಡೆಯಲ್ಲಿದೆ. ಗಾಜು ಹಾಕಿಸಿದ್ದೇನೆ, ಚಿತ್ರಕ್ಕೂ ಗಾಜಿಗೂ ನಡುವೆ ಸಣ್ಣ ಅಂತರ ಬಿಟ್ಟು. ಗಾಜು ತಾಗಿದರೆ ತೇವ ಅಲ್ಲೇ ಕೂರುತ್ತದೆ. ಮೊನ್ನೆ ಯೂನಿಫಾರ್ಮ್ ಅಳತೆ ಕೊಡಲು ಬಂದ ಎರಡನೇ ಕ್ಲಾಸಿನ ಹುಡುಗಿ ಕೈ ಚಾಚಿ ನಿಂತುಕೊಂಡೇ ಅದನ್ನು ಓದಿದಳು. "ಚಿ.ಸೌ. ಇಲ್ಲಿದೆ. ಮದುವೆ ಗಂಡು ಎಲ್ಲಿ ಆಂಟಿ, ಬಸ್ ಮಿಸ್ ಆಯ್ತಾ?" ಅಂದಳು. ಅದೇ ಮದುವೆ ಕಾಗದದ "ಚಿ.ರಾ." ಇರುವ ಚೂರು ಡಬ್ಬದಲ್ಲೇ ಇತ್ತು. ಆ ರಾತ್ರಿ ಹೊಸ ಕಾಗದಕ್ಕೆ ಎರಡೂ ಬದಿ ಜೆಸ್ಸೋ ಬಳಿದು ಅಟ್ಟದ ಹತ್ತಿರ ಒರಗಿಸಿದೆ.