ಅಮ್ಮನಿಗೆ ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಯೇ?

ನಿಮ್ಮ ಅಮ್ಮನಿಗೆ 63. ಯೋನಿಯ ಹೊರತುಟಿಯಲ್ಲಿ ವರ್ಷದಿಂದ ತುರಿಕೆ, ಈಗ ಹುಣ್ಣು. ಮಡಿಕೇರಿಯ ಡಾಕ್ಟರು ಬಯಾಪ್ಸಿ ಮಾಡಿಸಿ ಅಂದಿದ್ದಾರೆ, ಮನೆಯವರು ‘ಕತ್ತರಿ ತಾಗಿದರೆ ಹರಡುತ್ತದೆ’ ಅಂತ ತಡೆಯುತ್ತಿದ್ದಾರೆ. ಮಾಡಿಸಿ, ಈ ವಾರವೇ. ಬಯಾಪ್ಸಿಯಿಂದ ಅದು ಹರಡುವುದಿಲ್ಲ.

ನಾನು ಡಾಕ್ಟರಲ್ಲ, ಸುಂಟಿಕೊಪ್ಪದ ನಮ್ಮ ದೊಡ್ಡಮ್ಮನ ಜೊತೆ ಆಸ್ಪತ್ರೆ ಅಲೆದವಳು. ನಮ್ಮ ಕಡೆ ಮಳೆಗಾಲದ ತುರಿಕೆಗೆ ಕಾರಣಕ್ಕೇನು ಬರ? ಒದ್ದೆ ಬಟ್ಟೆ, ತೋಟದ ಕೆಸರು, ಜಿಗಣೆ. ದೊಡ್ಡಮ್ಮ ಎರಡು ಮಳೆಗಾಲ ಫಂಗಸ್ ಮುಲಾಮು ಹಚ್ಚಿಕೊಂಡೇ ಕಳೆದರು. ಅವರೂ ತೋರಿಸಲಿಲ್ಲ, ಮುಲಾಮು ಬರೆದವರೂ ನೋಡಲಿಲ್ಲ.

ಬಯಾಪ್ಸಿ ಅಂದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮೆಣಸುಕಾಳಿನಷ್ಟು ಚರ್ಮ ತೆಗೆದರು, ಅಷ್ಟೇ. ರಿಪೋರ್ಟಿನಲ್ಲಿ ಬಂದದ್ದು ಸ್ಕ್ವೇಮಸ್ ಸೆಲ್ ಕ್ಯಾನ್ಸರ್, ಅಂದರೆ ಚರ್ಮದ ಮೇಲ್ಪದರದ ಕ್ಯಾನ್ಸರ್. ಅಲ್ಲಿ ಹೆಚ್ಚಾಗಿ ಬರುವುದು ಅದೇ. ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದನ್ನು ಮರೆಯದೆ ಕೇಳಿ. ಗಾತ್ರ 2 ಸೆಂ.ಮೀ., ಆಳ 1 ಮಿ.ಮೀ. ದಾಟದಿದ್ದರೆ ಸಾಮಾನ್ಯವಾಗಿ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮದ ಸಮೇತ ಹುಣ್ಣು ತೆಗೆದರೆ ಸಾಕು. ಆಳ ಅದಕ್ಕಿಂತ ಹೆಚ್ಚಾದರೆ ತೊಡೆಸಂದಿನ ಗ್ರಂಥಿಗಳಿಗೂ ಹರಡಿದೆಯೇ ಅಂತ ನೋಡಲೇಬೇಕು.

ಆದ್ದರಿಂದ ‘ಮೊದಲು ಹುಣ್ಣು ಪೂರ್ತಿ ಕಿತ್ತುಬಿಡೋಣ, ಆಮೇಲೆ ನೋಡೋಣ’ ಅನ್ನುವವರ ಕೈಗೆ ಅಮ್ಮನನ್ನು ಕೊಡಬೇಡಿ. ದೊಡ್ಡಮ್ಮನದು ಒಂದೇ ಹುಣ್ಣು, 4 ಸೆಂ.ಮೀ.ಗಿಂತ ಚಿಕ್ಕದು, ಸ್ಕ್ಯಾನಿನಲ್ಲಿ ಗ್ರಂಥಿ ಊದಿರಲಿಲ್ಲ. ಹಾಗಾಗಿ ಸೆಂಟಿನೆಲ್ ಗ್ರಂಥಿ ಪರೀಕ್ಷೆ ಮಾಡಿದರು. ಹುಣ್ಣಿನ ಸುತ್ತ ಟೆಕ್ನೀಷಿಯಂ ಅನ್ನುವ ವಿಕಿರಣ ಸೂಸುವ ಮದ್ದು ಮತ್ತು ನೀಲಿ ಬಣ್ಣ ಚುಚ್ಚಿ, ಅದು ಮೊದಲು ಹೋಗಿ ಸೇರುವ ಗ್ರಂಥಿಯನ್ನಷ್ಟೇ ತೆಗೆದು ನೋಡುತ್ತಾರೆ. ಹುಣ್ಣು ಇದ್ದ ಜಾಗದಲ್ಲೇ ಇದ್ದಾಗ ಇದು ಸಲೀಸು. ಮಾರನೇ ದಿನ ಮೂತ್ರ ಹಸಿರಾಗಿ ಹೋಗಿ ದೊಡ್ಡಮ್ಮ ಬೆಚ್ಚಿಬಿದ್ದರು. ಬಣ್ಣದಿಂದ ಹಾಗಾಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ, ನೀವು ಅಮ್ಮನಿಗೆ ಮೊದಲೇ ಹೇಳಿಡಿ.

ಆ ಗ್ರಂಥಿಯಲ್ಲಿ ಏನೂ ಸಿಗದ್ದರಿಂದ ಉಳಿದವನ್ನು ಮುಟ್ಟಲಿಲ್ಲ. ಎಲ್ಲ ತೆಗೆದವರಲ್ಲಿ ಹಲವರಿಗೆ ಕಾಲು ಊದಿಕೊಂಡು ವರ್ಷಗಟ್ಟಲೆ ಕಾಡುತ್ತದೆ. ಹಿಂದೆಲ್ಲ ಎರಡೂ ತೊಡೆಸಂದು ಸೇರಿಸಿ ಚಿಟ್ಟೆಯ ಆಕಾರದಲ್ಲಿ ಒಂದೇ ತುಂಡಾಗಿ ಕತ್ತರಿಸುತ್ತಿದ್ದರಂತೆ!

ಇದು ಅಪರೂಪದ ಕ್ಯಾನ್ಸರ್. ಆಪರೇಷನ್ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್ನರ ಹತ್ತಿರವೇ ಆಗಲಿ, ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ. ವಾಪಸ್ ಬರುವಾಗ ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಹೊಲಿಗೆಯ ಮೇಲೆ ಕೂರಲಾಗದು, ಹಿಂದಿನ ಸೀಟು ಪೂರ್ತಿ ಅಮ್ಮನಿಗೇ ಬಿಡಿ.

ಡಾಕ್ಟರ ರೂಮಿಗೆ ಅಪ್ಪ, ಅಣ್ಣಂದಿರು ಬೇಡ. ದೊಡ್ಡಮ್ಮ ಬಾಯಿಬಿಟ್ಟದ್ದು ಗಂಡಸರೆಲ್ಲ ಹೊರಗೆ ಹೋದ ಮೇಲೆಯೇ.