ಉ: ಇದು ಮಾಟ್ ಕೋಟೆಯ ದಿಬ್ಬವೋ, ಸಮಾಧಿ ದಿಬ್ಬವೋ?

ಇಂಗ್ಲೆಂಡಿನ ಹೊಲದಲ್ಲಿ ಕಂಡ ಗುಂಡು ದಿಬ್ಬ, 11ನೇ ಶತಮಾನದಲ್ಲಿ ಆ ದೇಶ ಗೆದ್ದ ನಾರ್ಮನ್ನರ ಮಾಟ್ (ಕೋಟೆ ಕಟ್ಟೋಕೆ ಪೇರಿಸಿದ ಮಣ್ಣಿನ ದಿಬ್ಬ) ಹೌದಾ ಅಂತ ಕೇಳಿದ್ದೀರಿ. ಎತ್ತರ ಆಮೇಲೆ, ಮೊದಲು ನೆತ್ತಿ ನೋಡಿ. ಮರದ ಗೋಪುರ ನಿಲ್ಲಿಸೋಕೆ ಮಾಟ್‌ನ ತಲೆ ಚಪ್ಪಟೆ ಇರುತ್ತೆ, ಪಕ್ಕ ಕಡಿದು. ಸಮಾಧಿ ದಿಬ್ಬ ಹೆಚ್ಚಾಗಿ ಬೋರಲು ಹಾಕಿದ ಬೋಗುಣಿ ಥರ.

ನಂತರ ಬುಡದ ಕಂದಕ ಹಿಡಿದು ಸುತ್ತು ಬನ್ನಿ. ಒಂದು ಕಡೆ ಅದು ಹೊರಕ್ಕೆ ತಿರುಗಿ ಅಂಗಳವನ್ನು ಬಳಸಿದ್ದರೆ, ಅದೇ ಬೇಯ್ಲಿ, ಅಂದರೆ ಮಾಟ್‌ಗೆ ಅಂಟಿಕೊಂಡ ಕೋಟೆಯ ಅಂಗಳ. ಉಳುಮೆಯಿಂದ ಎಲ್ಲಕ್ಕಿಂತ ಮೊದಲು ಅಳಿಯೋದು ಈ ಅಂಗಳದ ಏರಿಯೇ, ಎಷ್ಟೋ ಕಡೆ ಮೊಣಕಾಲೆತ್ತರವೂ ಉಳಿದಿರಲ್ಲ. ಚಳಿಗಾಲದ ಇಳಿಬಿಸಿಲಲ್ಲಿ ಹೋಗಿ, ನೆರಳು ತೋರಿಸುತ್ತೆ. ಲೈಡಾರ್ ಚಿತ್ರದಲ್ಲಾದರೆ (ವಿಮಾನದಿಂದ ಲೇಸರ್ ಹಾಯಿಸಿ ಅಳೆದ ನೆಲದ ಏರಿಳಿತದ ಚಿತ್ರ) ಕಂಪ್ಯೂಟರಿನಲ್ಲಿ ಹಾಯಿಸೋ ಬೆಳಕಿನ ದಿಕ್ಕನ್ನು ಎರಡು ಮೂರು ಸಲ ಬದಲಿಸಿ. ಬೆಳಕಿಗೆ ಸಮಾನಾಂತರವಾದ ಏರಿ ಕಾಣೋದೇ ಇಲ್ಲ.

ಆದರೂ ಆಕಾರ ನಂಬಿ ಕೆಡಬೇಡಿ: ಇಂಗ್ಲೆಂಡಿನದೇ ಆದ, 19 ಮೀಟರ್ ಎತ್ತರದ ಮಾರ್ಲ್‌ಬರೋ ದಿಬ್ಬವನ್ನು ಮಾಟ್ ಅಂತಲೇ ಅಂದುಕೊಂಡಿದ್ದರು. ಕೊರೆದು ತೆಗೆದ ಇದ್ದಿಲಿನ ಕಾಲ ಕ್ರಿ.ಪೂ. 2400ರ ಸುಮಾರು! ನಾರ್ಮನ್ನರು ಸಿದ್ಧವಾಗಿದ್ದ ದಿಬ್ಬದ ಮೇಲೆ ಕೂತಿದ್ದರು ಅಷ್ಟೆ.