ಸ್ನಾನ ಮಾಡಿಸಲು ಬರುವವಳ ಮೈ ಮುಟ್ಟುವ ಮಾವನವರು

ಪ್ರಶ್ನೆ: ಮಾವನವರಿಗೆ 76 ವರ್ಷ, ನಿವೃತ್ತ ಶಿಕ್ಷಕರು. ಮರೆವಿನ ಕಾಯಿಲೆಯಿದೆ, ಪಾರ್ಕಿನ್ಸನ್ ಕೈನಡುಕಕ್ಕೂ ಮಾತ್ರೆ ನುಂಗುತ್ತಾರೆ. ಈಚೆಗೆ ಸ್ನಾನ ಮಾಡಿಸಲು ಬರುವ ಹೆಣ್ಣುಮಗಳ ಮೈ ಮುಟ್ಟುತ್ತಾರೆ, ಅಸಭ್ಯವಾಗಿ ಮಾತನಾಡುತ್ತಾರೆ. ಪಡಸಾಲೆಯಲ್ಲೇ ಧೋತರ ಬಿಚ್ಚುತ್ತಾರೆ. ಪತಿ ಅವರಿಗೆ ಬೈಯುತ್ತಾರೆ. ಆಕೆ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾಳೆ. ಏನು ಮಾಡಲಿ?
ಹೆಸರು ಬೇಡ, ವಿಜಯಪುರ

ಉತ್ತರ: ಮೊದಲು ಔಷಧ ಚೀಟಿ ನೋಡಿ. ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂತಹ ಮಾತ್ರೆಗಳು ಕೆಲವರಲ್ಲಿ ಕಾಮಾಸಕ್ತಿಯನ್ನು ಹತೋಟಿ ಮೀರಿ ಕೆರಳಿಸುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆ ಅಥವಾ ಪ್ರಮಾಣ ಹೆಚ್ಚಿದ ಮೇಲೆ ಹೀಗಾಯಿತೇ? ಬರೆದುಕೊಟ್ಟ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಅಪಾಯವಿದೆ.

ಕಾರಣ ಮಾತ್ರೆಯಲ್ಲದಿದ್ದರೆ ಮರೆವಿನ ಕಾಯಿಲೆಯೇ ಇರಬಹುದು. ‘ಇದು ಸಲ್ಲದು’ ಎಂದು ನಮ್ಮನ್ನು ತಡೆಯುವುದು ಮಿದುಳಿನ ಮುಂಭಾಗ. ಅದು ಸವೆದಾಗ ಜೀವಮಾನವಿಡೀ ಮರ್ಯಾದೆಯಿಂದ ಬಾಳಿದವರೂ ಹೀಗೆ ವರ್ತಿಸುತ್ತಾರೆ. ‘ಮುಪ್ಪಿನಲ್ಲಿ ನಿಜಬಣ್ಣ ಬಯಲಾಯಿತು’ ಎನ್ನುವ ಓಣಿಯ ಮಾತಿಗೆ ಕಿವಿಗೊಡಬೇಡಿ.

ಧೋತರದ ವಿಷಯವನ್ನು ಇದಕ್ಕೆ ಗಂಟುಹಾಕಬೇಡಿ. ಮೂತ್ರದ ಅವಸರ, ತುರಿಕೆ, ನಿಮ್ಮೂರಿನ ಏಪ್ರಿಲ್ ಧಗೆ, ಯಾವುದಾದರೂ ಸಾಕು. ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ, ಮೂತ್ರ ಪರೀಕ್ಷೆ ಮಾಡಿಸಿ. ಸೋಂಕಿದ್ದರೆ ವೃದ್ಧರ ವರ್ತನೆ ಒಮ್ಮಿಂದೊಮ್ಮೆಲೇ ಕೆಡಬಹುದು.

ಇನ್ನು ಸ್ನಾನ. ನಿಮ್ಮ ಪತಿಯೇ ಏಕೆ ಮಾಡಿಸಬಾರದು? ಇಂತಹ ಪತ್ರ ಬರೆಯುವವರು ಹೆಚ್ಚಾಗಿ ಸೊಸೆಯಂದಿರು. ಮಗ ಬೈಯುವುದಕ್ಕಷ್ಟೇ ಒದಗುತ್ತಾನೆ. ಬೈದದ್ದು ತಂದೆಗೆ ನೆನಪಿರುವುದಿಲ್ಲ, ಉಳಿಯುವುದು ಭಯ ಮಾತ್ರ. ಪತಿಗೆ ಆಗದಿದ್ದರೆ ಗಂಡಾಳು ಹುಡುಕಿ. ಸಿಗುವ ತನಕ ಆಕೆಯನ್ನು ಒಬ್ಬಳೇ ಒಳಗೆ ಬಿಡಬೇಡಿ. ಎದುರಿಗಲ್ಲ, ಪಕ್ಕದಲ್ಲಿ ನಿಂತು ನೀರು ಹಾಕಲಿ. ಅವರ ಕೈಗೊಂದು ಟವೆಲ್ ಕೊಡಲಿ. ಕೈ ಚಾಚಿದರೆ ಕಿರುಚದೆ, ನಗದೆ, ‘ಬೇಡ ಗುರುಗಳೇ’ ಎಂದು ಗಟ್ಟಿಯಾಗಿ ಹೇಳಿ ಹಿಂದೆ ಸರಿಯಲಿ. ನಕ್ಕರೆ ಅದನ್ನವರು ಒಪ್ಪಿಗೆ ಎಂದುಕೊಳ್ಳಬಹುದು.

ಕಾಯಿಲೆಯೆಂಬ ಕಾರಣಕ್ಕೆ ಆಕೆ ಸಹಿಸಿಕೊಳ್ಳಬೇಕಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಏನಾಯಿತೆಂದು ಕೇಳಿ, ನಂಬಿ. ಆದರೂ ಬಿಡುತ್ತೇನೆ ಎಂದರೆ ಸಂಬಳ ಚುಕ್ತಾ ಮಾಡಿ ಕಳುಹಿಸಿ, ಒತ್ತಾಯ ಬೇಡ.

ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡುವ ಸಲಹೆ ಯಾರಾದರೂ ಕೊಟ್ಟಾರು. ಕೆಲವು ನಿದ್ರೆ ಮಾತ್ರೆಗಳು ಉಳಿದಿರುವ ಸಂಯಮವನ್ನೂ ಸಡಿಲಿಸುತ್ತವೆ. ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಬೇರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.